ಮೇಲಿನ ಲೀಗ್ ಕಾಣದ ಕ್ಲಬ್ಬಿಗೆ ನಾಳೆ ಇದೆಯೇ?

ಪ್ರಶ್ನೆ: ಮಾನ್ಯರೇ, ಕಲಬುರಗಿಯಲ್ಲಿ ನಾವೊಂದು ಫುಟ್‌ಬಾಲ್ ಕ್ಲಬ್ ನಡೆಸುತ್ತಿದ್ದೇವೆ. ಸುತ್ತಲಿನ ಊರುಗಳ ಟೂರ್ನಿಗಳಲ್ಲಿ ಆಡುವುದಷ್ಟೇ ನಮ್ಮ ಮಟ್ಟ. ಗೆದ್ದರೂ ಸೋತರೂ ಮೈದಾನದ ಅಂಚಿಗೆ ಬಂದು ನಿಲ್ಲುವ ಒಂದಷ್ಟು ಜನ ನಮಗಿದ್ದಾರೆ. ಇಷ್ಟು ದಿನ ಖರ್ಚನ್ನೆಲ್ಲ ಹೊತ್ತಿದ್ದ ವ್ಯಾಪಾರಿಯೊಬ್ಬರು ಇನ್ನು ತಮ್ಮಿಂದಾಗದು ಎಂದಿದ್ದಾರೆ. ಮೇಲೇರುವ ದಾರಿಯೇ ಇಲ್ಲದ ತಂಡವನ್ನು ನಡೆಸಿ ಫಲವೇನು ಎಂದು ಗೆಳೆಯರು ಕೇಳುತ್ತಾರೆ. ಕ್ಲಬ್ಬನ್ನು ಮುಚ್ಚಿಬಿಡಬೇಕೇ?
– ಓದುಗರು, ಕಲಬುರಗಿ

ಉತ್ತರ: ಮುಚ್ಚಬೇಡಿ, ಆದರೆ ಈವರೆಗೆ ನಡೆಸಿದ ರೀತಿಯಲ್ಲೇ ಮುಂದುವರಿಸಲೂ ಬೇಡಿ. ಒಬ್ಬರು ಕೊಡುತ್ತಿದ್ದ ಹಣ ನಿಂತದ್ದು ಒಂದು ಸಂಗತಿ, ಮೇಲಿನ ಹಂತಕ್ಕೆ ಏರಲಾಗದಿರುವುದು ಇನ್ನೊಂದು. ನಿಮ್ಮ ಗೆಳೆಯರು ಎರಡನ್ನೂ ಬೆರೆಸಿ ನೋಡುತ್ತಿದ್ದಾರೆ. ಕ್ಲಬ್ಬುಗಳ ಉಸಿರು ನಿಲ್ಲಿಸುವುದು ಹೆಚ್ಚಾಗಿ ಮೊದಲನೆಯದು.

ಪಂಜಾಬಿನ ಫಗ್ವಾಡದ ಜೆಸಿಟಿ ತಂಡ 1996-97ರಲ್ಲಿ ದೇಶದ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಗೆದ್ದಿತ್ತು; ಮುಂಬಯಿಯ ಮಹೀಂದ್ರ ಯುನೈಟೆಡ್ 2005-06ರಲ್ಲಿ ಅದೇ ಪ್ರಶಸ್ತಿಯನ್ನು ಪಡೆಯಿತು. ಇವಕ್ಕಿಂತ ಮೇಲೆ ಏರಲು ಆಗ ಹಂತವೇ ಇರಲಿಲ್ಲ. ಆದರೂ ಒಡೆತನ ಹೊಂದಿದ್ದ ಕಂಪನಿಗಳು ಸಾಕೆಂದಾಗ ಮಹೀಂದ್ರ 2010ರಲ್ಲಿ, ಜೆಸಿಟಿ 2011ರಲ್ಲಿ ಇಲ್ಲವಾದವು.

ಇದಕ್ಕೆ ತೀರ ಬೇರೆಯಾದ ಕಥೆ ಇಂಗ್ಲೆಂಡಿನ ವಿಂಬಲ್ಡನ್ನಿನದು. ಲಂಡನ್ನಿನ ಆ ಹಳೆಯ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಎಂಬ ದೂರದ ಪಟ್ಟಣಕ್ಕೆ ಒಯ್ಯಲು 2002ರಲ್ಲಿ ಒಪ್ಪಿಗೆ ಸಿಕ್ಕಿದಾಗ, ಅಭಿಮಾನಿಗಳು ಕೆಲವೇ ವಾರಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಎಂಬ ತಮ್ಮದೇ ಕ್ಲಬ್ ಕಟ್ಟಿ, ಸಾರ್ವಜನಿಕ ಬಯಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಆಯ್ದುಕೊಂಡು, ಇಂಗ್ಲಿಷ್ ಫುಟ್‌ಬಾಲಿನ ಒಂಬತ್ತನೇ ಹಂತದಲ್ಲಿ ಆಡಲಿಳಿದರು. ಅಷ್ಟು ಕೆಳಗಿನ ಹಂತದಲ್ಲಿಯೂ ಮೊದಲ ವರ್ಷವೇ ತವರಿನ ಪಂದ್ಯಗಳಿಗೆ ಸರಾಸರಿ 3,000 ಜನ ಬರುತ್ತಿದ್ದರು. ಆ ತಂಡ 2011ರಲ್ಲಿ ವೃತ್ತಿಪರ ಲೀಗಿಗೆ ಏರಿತು. 2020ರಲ್ಲಿ ತನ್ನ ಹಳೆಯ ಬೀದಿಯಾದ ಪ್ಲೌ ಲೇನಿನಲ್ಲಿ ಹೊಸ ಮೈದಾನವನ್ನೂ ಪಡೆಯಿತು. ಏರಿದ್ದು ದೊಡ್ಡ ಮಾತೇ. ಆದರೆ ಏರುವ ಭರವಸೆ ಇಲ್ಲದ ದಿನಗಳಲ್ಲೂ ಜನ ಬಂದರಲ್ಲ, ನಾನು ಹೆಚ್ಚು ಬೆಲೆ ಕೊಡುವುದು ಅದಕ್ಕೆ.

ಹಾಗಾದರೆ ನಿಮ್ಮ ಬಳಿ ಏನಿದೆ? ಅಂಚಿನಲ್ಲಿ ನಿಲ್ಲುವ ಆ ಜನರಿದ್ದಾರೆ. ಅವರನ್ನು ನೋಡುಗರ ಸ್ಥಾನದಿಂದ ಸದಸ್ಯರ ಸ್ಥಾನಕ್ಕೆ ತನ್ನಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 7 ಮಂದಿ ಸೇರಿದರೆ ಸಂಘವೊಂದನ್ನು ನೋಂದಾಯಿಸಬಹುದು. ಚಿಕ್ಕದಾದರೂ ತಪ್ಪದೆ ಬರುವ ವಾರ್ಷಿಕ ವಂತಿಗೆಯನ್ನು ಗೊತ್ತುಮಾಡಿ, ಪ್ರತಿಯೊಬ್ಬರಿಗೂ ಮತದ ಹಕ್ಕು ಕೊಟ್ಟು, ಚೆಂಡಿನಿಂದ ಹಿಡಿದು ಬಸ್ ಚಾರ್ಜಿನವರೆಗಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದಿ ಹೇಳಿ. ಶರಣಬಸವೇಶ್ವರರ ಊರಿನವರಾದ ನಿಮಗೆ, ಹಲವರು ತಂದು ಹಾಕಿದ ಹಿಡಿ ಜೋಳದಿಂದ ದಾಸೋಹ ನಡೆಯುವ ಬಗೆಯನ್ನು ನಾನು ವಿವರಿಸಬೇಕಾಗಿಲ್ಲ. ಇಷ್ಟು ವರ್ಷ ಕೊಟ್ಟ ಆ ವ್ಯಾಪಾರಿಯನ್ನು ಮೊದಲ ಸದಸ್ಯರನ್ನಾಗಿ ಬರಮಾಡಿಕೊಳ್ಳಿ. ಅವರಿಗೆ ಸಲ್ಲಬೇಕಾದ ಗೌರವವದು.

ಉಳಿದ ಹಣವನ್ನು ದೊಡ್ಡವರ ತಂಡಕ್ಕಿಂತ ಮೊದಲು ಹನ್ನೆರಡು-ಹದಿಮೂರರ ಪ್ರಾಯದ ಹುಡುಗ-ಹುಡುಗಿಯರ ತಂಡಕ್ಕೆ ಖರ್ಚು ಮಾಡಿ. ಮಗು ಆಡುವ ಕ್ಲಬ್ಬಿಗೆ ಮನೆಮಂದಿಯೂ ಬರುತ್ತಾರೆ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳಲ್ಲಿ ಬೆಳಗಿನ ಅಭ್ಯಾಸವಷ್ಟೇ ಇರಲಿ, ಪಂದ್ಯಗಳನ್ನು ಮಳೆಗಾಲ ಕಳೆದು ಎರೆಮಣ್ಣು ಗಟ್ಟಿಯಾದ ಮೇಲೆ ಇಟ್ಟುಕೊಳ್ಳಿ.

ಮೇಲೇರುವ ವಿಚಾರದಲ್ಲಿ ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ನಮ್ಮ ರಾಜ್ಯದ ಫುಟ್‌ಬಾಲ್ ಬಹುಮಟ್ಟಿಗೆ ಬೆಂಗಳೂರಿನಲ್ಲೇ ನೆಲೆಯೂರಿದೆ, ನಿಮ್ಮೂರಿನಿಂದ ಅದು 600 ಕಿಲೋಮೀಟರಿಗೂ ಹೆಚ್ಚು ದೂರ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಾಗ ನಾವೆಲ್ಲ ಹಿಗ್ಗಿದೆವು. ಅಂಥ ತಂಡಕ್ಕೆ ನಿಮ್ಮ ಮೈದಾನದಿಂದ ಒಬ್ಬ ಆಟಗಾರ ಹೋಗುವುದು, ನಿಮ್ಮ ಕ್ಲಬ್ಬೇ ರಾಷ್ಟ್ರಮಟ್ಟದ ಲೀಗಿಗೆ ಏರುವುದಕ್ಕಿಂತ ಎಷ್ಟೋ ಕೈಗೆಟಕುವ ಗುರಿ.

ಪ್ರಶ್ನೆ: ನಮ್ಮ ಭಾಗದ ಹೆಸರಿನ ಕ್ರಿಕೆಟ್ ತಂಡ ಗೆದ್ದಾಗ ಸಂತೋಷವಾಗುತ್ತದೆ, ಆದರೆ ಊರಿನ ಸಣ್ಣ ಫುಟ್‌ಬಾಲ್ ತಂಡ ಸೋತಾಗ ಆಗುವ ಸಂಕಟ ಅದಕ್ಕಿಂತ ದೊಡ್ಡದು. ಇದೇಕೆ?
– ಓದುಗರು, ಯಾದಗಿರಿ

ಉತ್ತರ: ಗುಲ್ಬರ್ಗ ಮಿಸ್ಟಿಕ್ಸ್ ತಂಡ 2022ರಲ್ಲಿ ರಾಜ್ಯದ ಟಿ20 ಕ್ರಿಕೆಟ್ ಟೂರ್ನಿಯಾದ ಮಹಾರಾಜ ಟ್ರೋಫಿ ಗೆದ್ದಿತು, ಆದರೆ ಆ ಟೂರ್ನಿಯ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಆ ಆಟಗಾರರ ಶ್ರಮಕ್ಕೆ ನನ್ನ ಗೌರವವಿದೆ, ಆದರೂ ನಮ್ಮಲ್ಲಿ ಬಹುತೇಕರು ಅವರನ್ನು ಕಂಡದ್ದು ಪರದೆಯ ಮೇಲೆ. ಊರ ತಂಡದ ಗೋಲ್‌ಕೀಪರ್ ನಿಮ್ಮ ಓಣಿಯವನಾಗಿರುತ್ತಾನೆ, ಅವನ ತಾಯಿಯನ್ನು ನೀವು ಬಲ್ಲಿರಿ. ಅವನು ಚೆಂಡು ಬಿಟ್ಟರೆ ನೋವು ನಿಮ್ಮ ಮನೆಗೇ ಬರುತ್ತದೆ. ಈ ನಂಟು ತಾನಾಗಿ ಉಳಿಯುವುದಿಲ್ಲವಾದ್ದರಿಂದ, ಪಂದ್ಯದ ದಿನ ಮತ್ತು ಹೊತ್ತನ್ನು ವಾರ ಮೊದಲೇ ಎಲ್ಲರಿಗೂ ತಿಳಿಸುವಂತೆ, ತಿಳಿಸಿದ ಹೊತ್ತಿಗೇ ಆಟ ಶುರು ಮಾಡುವಂತೆ ನಿಮ್ಮ ತಂಡದವರನ್ನು ಒತ್ತಾಯಿಸಿ.