312 ಬೆದರಿಕೆ ತೋರಿಸಿತು ಅಂದರೆ ಆ ಆ್ಯಂಟಿವೈರಸ್ ಒಳ್ಳೆಯದು ಅಂತಾನಾ?

ಹೊಸದೊಂದು ಆ್ಯಂಟಿ-ಮಾಲ್‌ವೇರ್ ಹಾಕಿದಿರಿ, ಮೊದಲ ಸ್ಕ್ಯಾನ್‌ನಲ್ಲೇ 312 ಬೆದರಿಕೆ ತೋರಿಸಿತು, ವಿಂಡೋಸ್ ಜೊತೆ ಬಂದಿದ್ದ ಡಿಫೆಂಡರ್ ಒಂದನ್ನೂ ತೋರಿಸಿರಲಿಲ್ಲ ಅಂತ ಬರೆದಿದ್ದೀರಿ. ಹೊಸದನ್ನೇ ದುಡ್ಡು ಕೊಟ್ಟು ತಗೊಳ್ಳಲಾ ಅಂತ ಕೇಳಿದ್ದೀರಿ.

ಈಗಲೇ ದುಡ್ಡು ಕಟ್ಟಬೇಡಿ. 312 ಅನ್ನೋ ಸಂಖ್ಯೆ ಒಂದನ್ನೇ ನೋಡಿ ಏನೂ ಹೇಳೋಕಾಗಲ್ಲ. ಬ್ರೌಸರಿನಲ್ಲಿ ಕೂತಿರುವ ಕುಕಿಗಳನ್ನು, ಅಂದರೆ ವೆಬ್‌ಸೈಟ್‌ಗಳು ನಿಮ್ಮ ಗುರುತಿಗೆ ಬಿಟ್ಟುಹೋಗುವ ಚಿಕ್ಕ ಮಾಹಿತಿ ತುಣುಕುಗಳನ್ನು, ಒಂದೊಂದಾಗಿ ಎಣಿಸಿ ಬೆದರಿಕೆ ಅಂತ ತೋರಿಸುವ ಪ್ರೋಗ್ರಾಂಗಳಿವೆ. ಕುಕಿ ವೈರಸ್ ಅಲ್ಲ. ದೊಡ್ಡ ಸಂಖ್ಯೆ ಕಂಡರೆ ನಮಗೆ ಹೆದರಿಕೆಯಾಗುತ್ತೆ, ಹೆದರಿದವರು ಬೇಗ ದುಡ್ಡು ಕೊಡುತ್ತಾರೆ, ಅಷ್ಟೇ.

ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುತ್ತೇನೆ. ಮದುವೆ ಸೀಸನ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್‌ನಿಂದ ಫೋನ್ ಬಂತು. ಕನ್ನಡ ಟೈಪ್ ಆಗುತ್ತಿಲ್ಲ, ಲಗ್ನಪತ್ರಿಕೆ ಸಂಜೆಯೊಳಗೆ ಕೊಡಬೇಕು ಅಂದರು. ಹೋಗಿ ನೋಡಿದರೆ ಹಿಂದಿನ ರಾತ್ರಿ ಹಾಕಿದ್ದ ಹೊಸ ಆ್ಯಂಟಿವೈರಸ್ ಅವರ ಕನ್ನಡ ಟೈಪಿಂಗ್ ತಂತ್ರಾಂಶದ ಮುಖ್ಯ ಫೈಲನ್ನೇ ಕ್ವಾರಂಟೈನ್‌ಗೆ, ಅಂದರೆ ಅನುಮಾನದ ಫೈಲುಗಳನ್ನು ಓಡದಂತೆ ಕೂಡಿಹಾಕುವ ಜಾಗಕ್ಕೆ, ತಳ್ಳಿತ್ತು. ಅದು ಯಾಕೆ ಹಾಗೆ ಮಾಡಿತು ಅಂತ ನೋಡಿದರೆ ಕಾರಣ ಇದೆ. ನೀವು 'ಕ' ಒತ್ತಿದಾಗ ಕನ್ನಡ ಅಕ್ಷರ ಮೂಡಿಸಬೇಕಾದರೆ ಆ ತಂತ್ರಾಂಶ ಒತ್ತಿದ ಪ್ರತಿ ಕೀಲಿಯನ್ನೂ ನಡುವೆಯೇ ಹಿಡಿದು ಬದಲಾಯಿಸಬೇಕು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನು ನಡುವೆಯೇ ಹಿಡಿಯುತ್ತದೆ. ಜೊತೆಗೆ ಇಂಥ ತಂತ್ರಾಂಶ ಬಳಸುವವರು ಜಗತ್ತಿನ ಲೆಕ್ಕದಲ್ಲಿ ಕಡಿಮೆ, ಹಳೇ ಆವೃತ್ತಿಗಳಿಗೆ ಡಿಜಿಟಲ್ ಸಹಿ (ಮಾಡಿದವರು ಯಾರು ಅಂತ ಖಚಿತಪಡಿಸುವ ಗುರುತು) ಇರುವುದೂ ಕಡಿಮೆ. ಹಾಗಾಗಿ ಅನುಮಾನ ಬರುತ್ತದೆ. ಇಂಗ್ಲಿಷ್ ಮಾತ್ರ ಬಳಸುವವರಿಗೆ ಈ ತೊಂದರೆ ತಟ್ಟುವುದೇ ಇಲ್ಲ. ಅವರ ರಿವ್ಯೂ ಓದಿ ನಾವು ನಿರ್ಧಾರ ಮಾಡೋದು ಅದಕ್ಕೇ ಕಷ್ಟ. ಆ ಪ್ರೆಸ್‌ನವರಿಗೆ ಅರ್ಧ ದಿನ ಹೋಯಿತು.

ಅಂದಿನಿಂದ ಯಾವುದೇ ಹೊಸ ಪ್ರೋಗ್ರಾಂ ಬಂದರೆ ನಾನು ಮೊದಲು ನೋಡುವುದು ಅದು ತಪ್ಪಿಲ್ಲದ ಯಾವ ಫೈಲನ್ನು ಸುಮ್ನೆ ಹಿಡಿಯುತ್ತೆ ಅಂತ. ಕಂಡಿದ್ದೆಲ್ಲ ವೈರಸ್ ಅಂದರೆ ನೂರಕ್ಕೆ ನೂರು ವೈರಸ್ ಹಿಡಿದಂತೆಯೇ ಆಗುತ್ತೆ, ಅಲ್ವಾ? ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಅನ್ನೋ ಆ್ಯಂಟಿವೈರಸ್ ಕಂಪನಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲಾದ ಎಸ್‌ವಿಸಿಹೋಸ್ಟ್ ಅನ್ನೇ ವೈರಸ್ ಅಂದುಕೊಂಡಿತು. ಎಷ್ಟೋ ಕಚೇರಿಗಳ ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಾ ಕೂತವು.

ಮನೆಯಲ್ಲಿ ನೀವೇ ಮಾಡಬಹುದಾದ ಪರೀಕ್ಷೆ ಇದೇ. ನಿಮಗೆ ಚೆನ್ನಾಗಿ ಗೊತ್ತಿರುವ, ಅಧಿಕೃತ ಜಾಗದಿಂದ ತಂದ ತಂತ್ರಾಂಶಗಳನ್ನು ಸ್ಕ್ಯಾನ್ ಮಾಡಿಸಿ. ಕನ್ನಡ ಟೈಪಿಂಗ್, ಬಿಲ್ಲಿಂಗ್, ಪ್ರಿಂಟರ್ ಡ್ರೈವರ್, ಎಲ್ಲವನ್ನೂ. ಇವನ್ನೇ ವೈರಸ್ ಅಂದರೆ ಅದು ಸುಳ್ಳು ಎಚ್ಚರಿಕೆ. ಪ್ರೋಗ್ರಾಂ ಎಚ್ಚರವಾಗಿದೆಯಾ ಅಂತ ನೋಡೋಕೆ ಐಕಾರ್ ಪರೀಕ್ಷಾ ಫೈಲ್ ಅಂತ ಒಂದಿದೆ, ಬರೀ 68 ಅಕ್ಷರ, ಯಾವ ಹಾನಿಯೂ ಇಲ್ಲ. ಅದನ್ನು ಇಳಿಸಿದಾಗ ಕೂಗಿದರೆ ಪ್ರೋಗ್ರಾಂ ಚಾಲೂ ಇದೆ ಅಂತ ಗೊತ್ತಾಗುತ್ತೆ. ಚೆನ್ನಾಗಿ ಹಿಡಿಯುತ್ತೆ ಅಂತ ಮಾತ್ರ ಗೊತ್ತಾಗಲ್ಲ, ಯಾಕೆಂದರೆ ಆ ಫೈಲನ್ನು ಹೆಚ್ಚುಕಡಿಮೆ ಎಲ್ಲರೂ ಗುರುತಿಸುತ್ತಾರೆ. ನಿಜವಾದ ವೈರಸ್ ಇಳಿಸಿಕೊಂಡು ನೋಡೋ ಸಾಹಸ ದಯವಿಟ್ಟು ಬೇಡ.

ಯೂಟ್ಯೂಬಿನಲ್ಲಿ 20 ವೈರಸ್ ಇರುವ ಫೋಲ್ಡರ್ ಸ್ಕ್ಯಾನ್ ಮಾಡಿ 20ಕ್ಕೆ 20 ಅಂತ ತೋರಿಸುತ್ತಾರೆ. 20ರಲ್ಲಿ ಒಂದೂ ತಪ್ಪದಿದ್ದರೂ, ಲೆಕ್ಕದ ಪ್ರಕಾರ ಅದು ನಿಜದಲ್ಲಿ 100ಕ್ಕೆ 13-14ನ್ನು ಬಿಟ್ಟುಬಿಡುವಂಥದ್ದೇ ಆಗಿರಬಹುದು. 20 ತೀರಾ ಕಡಿಮೆ. ಮೇಲಾಗಿ ಆ ಸ್ಯಾಂಪಲ್‌ಗಳು ಹಳೆಯವಾಗಿದ್ದರೆ ಎಲ್ಲ ಕಂಪನಿಗಳ ಪಟ್ಟಿಯಲ್ಲೂ ಆಗಲೇ ಸೇರಿರುತ್ತವೆ. ಫೋಲ್ಡರ್ ಸ್ಕ್ಯಾನ್ ಅರ್ಧ ಪರೀಕ್ಷೆ ಮಾತ್ರ. ನೋಡಿದಾಗ ಗುರುತಿಸದ ಫೈಲನ್ನು, ಅದು ಓಡಿ ನಿಮ್ಮ ಫೋಟೋಗಳಿಗೆ ಬೀಗ ಹಾಕೋಕೆ ಶುರು ಮಾಡಿದಾಗ ತಡೆಯುತ್ತಾ ಅನ್ನೋದು ಮುಖ್ಯ. ನಿನ್ನೆ ಹುಟ್ಟಿದ ವೈರಸ್ ಸಿಕ್ಕಿಬೀಳೋದು ಹೆಚ್ಚಾಗಿ ಅಲ್ಲೇ.

ಅದನ್ನು ಪರೀಕ್ಷಿಸಲು ಲ್ಯಾಬ್‌ಗಳಿವೆ. ಜರ್ಮನಿಯ ಮಾಗ್ಡೆಬುರ್ಗ್‌ನ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರೇಟಿವ್ಸ್ ಹೆಸರುವಾಸಿ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಗೆ ತಲಾ 6ರಂತೆ 18 ಅಂಕ ಕೊಡುತ್ತದೆ. ಸುಳ್ಳು ಎಚ್ಚರಿಕೆ ಎಷ್ಟು ಅನ್ನೋದು ಬಳಕೆಯ ಅಂಕದಲ್ಲಿ ಬರುತ್ತದೆ, ಅದನ್ನು ಬಿಟ್ಟು ರಕ್ಷಣೆಯ ಅಂಕ ಮಾತ್ರ ಓದಬೇಡಿ. ಒಂದೇ ವರದಿಗೆ ಜೋತುಬೀಳಬೇಡಿ, ಒಂದು ವರ್ಷದ್ದು ನೋಡಿ. 2015ರಲ್ಲಿ ಚೀನಾದ ಆ್ಯಂಟಿವೈರಸ್ ಕಂಪನಿ ಕ್ವಿಹೂ 360 ಪರೀಕ್ಷೆಗೆ ಕಳಿಸಿದ್ದ ಆವೃತ್ತಿಯಲ್ಲಿ ಬಿಟ್‌ಡಿಫೆಂಡರ್ ಅನ್ನೋ ಬೇರೆ ಕಂಪನಿಯ ಎಂಜಿನ್ (ವೈರಸ್ ಗುರುತಿಸುವ ಭಾಗ) ಆನ್ ಆಗಿತ್ತು, ಜನರಿಗೆ ಕೊಟ್ಟಿದ್ದರಲ್ಲಿ ಆಫ್ ಇತ್ತು. ಮೂರು ಲ್ಯಾಬ್‌ಗಳು ಸೇರಿ ಅದನ್ನು ಬಯಲಿಗೆ ತಂದು, ಆ ವರ್ಷ ಕೊಟ್ಟಿದ್ದ ಪ್ರಮಾಣಪತ್ರಗಳನ್ನು ವಾಪಸ್ ತಗೊಂಡವು. ಹೊಸ ಕಂಪನಿಯ ಹೆಸರು ಯಾವ ಲ್ಯಾಬಿನ ವರದಿಯಲ್ಲೂ ಇಲ್ಲ ಅಂದರೆ ಅದು ಕೆಟ್ಟದ್ದು ಅಂತಲ್ಲ. ಆದರೆ ನಿಮ್ಮ ಡಿಫೆಂಡರ್ ತೆಗೆದುಹಾಕಿ ಅದನ್ನೇ ನಂಬಿಕೊಳ್ಳೋಕೆ ನಾನಂತೂ ಹೇಳಲ್ಲ.

ಈಗ ಆ 312ರ ವಿಷಯ. ಪಟ್ಟಿ ತೆರೆದು ಮೊದಲು ಕುಕಿಗಳನ್ನು ಬೇರೆ ಮಾಡಿ. ಉಳಿದ ಫೈಲುಗಳನ್ನು ಒಂದೊಂದಾಗಿ ವೈರಸ್‌ಟೋಟಲ್ ಅನ್ನೋ ವೆಬ್‌ಸೈಟಿಗೆ ಹಾಕಿ ನೋಡಿ, ಹಲವು ಕಂಪನಿಗಳ ಎಂಜಿನ್‌ಗಳು ಏನಂತವೆ ಅಂತ ಗೊತ್ತಾಗುತ್ತೆ. ಆಧಾರ್, ಬ್ಯಾಂಕ್ ಕಾಗದ ಇರುವ ಫೈಲ್ ಮಾತ್ರ ಅಲ್ಲಿ ಹಾಕಲೇಬೇಡಿ, ಹಾಕಿದ ಫೈಲ್ ಬೇರೆಯವರ ಕೈಗೂ ಸಿಗುತ್ತದೆ. ಅಲ್ಲಿಯವರೆಗೆ ಯಾವುದನ್ನೂ ಡಿಲೀಟ್ ಮಾಡದೆ ಕ್ವಾರಂಟೈನ್‌ನಲ್ಲೇ ಇಡಿ. ಅನುಮಾನ ಉಳಿದ ಫೈಲುಗಳ ಹೆಸರು, ಅವು ಯಾವ ಫೋಲ್ಡರಿನಲ್ಲಿದ್ದವು ಅಂತ ಇಲ್ಲಿ ಬರೆಯಿರಿ, ಒಟ್ಟಿಗೆ ನೋಡೋಣ.