ಇಂಗ್ಲೆಂಡಿನ ಹಳೆಯ ಸಂತೆಯೂರೊಂದನ್ನು ಕಾರಿಲ್ಲದೆ ಎರಡು ದಿನಗಳಲ್ಲಿ ನೋಡುವುದಾದರೆ ಯಾವುದು ಒಳ್ಳೆಯದು?

ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗನ ಮನೆಗೆ ಬರುತ್ತಿದ್ದೀರಿ, ನಡುವೆ ಎರಡು ದಿನಗಳ ಬಿಡುವಿದೆ, ಕಾರಿಲ್ಲ, ಹಳೆಯ ಸಂತೆಯೂರೊಂದನ್ನೂ ಅದರ ಸುತ್ತಲಿನ ಹಳ್ಳಿಗಾಡನ್ನೂ ಆತುರವಿಲ್ಲದೆ ನೋಡಬೇಕೆಂದು ಕೇಳಿದ್ದೀರಿ. ನನ್ನ ಉತ್ತರ ಶ್ರಾಪ್‌ಶೈರಿನ ಲಡ್ಲೋ. ನಾನು ಅಲ್ಲಿಗೆ ಮೂರು ಬಾರಿ ಹೋಗಿದ್ದೇನೆ. ಮೊದಲ ಸಲ ಕೋಟೆಯೊಂದನ್ನೇ ನೋಡಿಕೊಂಡು ಮಧ್ಯಾಹ್ನದ ರೈಲಿಗೆ ಹಿಂತಿರುಗಿದ್ದೆ. ಅದು ಎಂಥ ತಪ್ಪೆಂಬುದು ಎರಡನೆಯ ಸಲ ರಾತ್ರಿ ಉಳಿದಾಗ ತಿಳಿಯಿತು. ಆದ್ದರಿಂದ ದಯವಿಟ್ಟು ಒಂದು ರಾತ್ರಿ ಅಲ್ಲಿಯೇ ತಂಗಿ.

ಬರ್ಮಿಂಗ್‌ಹ್ಯಾಮಿನಿಂದ ಶ್ರೂಸ್‌ಬರಿಗೆ ಹೋಗಿ ಅಲ್ಲಿ ರೈಲು ಬದಲಿಸಿದರೆ ಲಡ್ಲೋಗೆ ಸುಮಾರು ಅರ್ಧ ಗಂಟೆಯ ದಾರಿ. ನಿಲ್ದಾಣದಿಂದ ಊರ ನಡುವಿಗೆ ಸ್ವಲ್ಪ ಏರುದಾರಿ ಇದೆ, ಆದರೆ ದೂರವಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಮತ್ತು ಶನಿವಾರ ಕೋಟೆಯ ಮುಂದಿನ ಚೌಕದಲ್ಲಿ ಸಂತೆ ನಡೆಯುತ್ತದೆ. ಆ ದಿನಗಳಲ್ಲೊಂದನ್ನು ಆರಿಸಿಕೊಳ್ಳಿ. ಸಸ್ಯಾಹಾರಿಗಳಾಗಿದ್ದರೂ ಚಿಂತೆಯಿಲ್ಲ, ಬ್ರೆಡ್ಡು, ಚೀಸು, ಹಣ್ಣು ಕೊಂಡುಕೊಂಡರೆ ಮಧ್ಯಾಹ್ನದ ಬುತ್ತಿ ಸಿದ್ಧವಾಗುತ್ತದೆ.

ಈ ಊರನ್ನು ಓದಬೇಕಾದ ಬಗೆಯೊಂದಿದೆ. ಲಡ್ಲೋ ತಾನಾಗಿ ಹಬ್ಬಿದ ಊರಲ್ಲ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ವೇಲ್ಸಿನ ಗಡಿಯನ್ನು ಕಾಯಲು ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದಿದ್ದ ನಾರ್ಮನ್ನರ ಡಿ ಲೇಸಿ ಮನೆತನ ಇಲ್ಲಿ ಕೋಟೆ ಕಟ್ಟತೊಡಗಿತು, ಅನಂತರ ಅದರ ಬಾಗಿಲ ಮುಂದೆ ಅಳೆದು ಊರು ಹಾಕಲಾಯಿತು. ಕೋಟೆಯಿಂದ ಬುಲ್ ರಿಂಗ್ ಎಂಬಲ್ಲಿಯವರೆಗೆ ದಿಣ್ಣೆಯ ನೆತ್ತಿಯುದ್ದಕ್ಕೂ ಒಂದೇ ಅಗಲವಾದ ಸಂತೆಬೀದಿ ಇತ್ತು. ಕಾಲಕ್ರಮದಲ್ಲಿ ಸಂತೆಯ ಗೂಡಂಗಡಿಗಳ ಸಾಲುಗಳು ಅಲ್ಲಲ್ಲೇ ಕಾಯಂ ಕಟ್ಟಡಗಳಾದವು. ಸಾಲುಗಳ ನಡುವೆ ಜನ ಓಡಾಡುತ್ತಿದ್ದ ಜಾಗ ಇಂದಿನ ಇಕ್ಕಟ್ಟಾದ ಓಣಿಗಳಾಗಿ ಉಳಿದಿದೆ. ಚೌಕದಿಂದ ಪೂರ್ವಕ್ಕೆ ಆ ಓಣಿಗಳಲ್ಲಿ ನಡೆಯುವಾಗ ನೀವು ನಡೆಯುತ್ತಿರುವುದು ನಿಂತುಬಿಟ್ಟ ಸಂತೆಯೊಂದರ ಒಳಗೇ ಎಂಬುದು ನೆನಪಿರಲಿ.

ಅಲ್ಲೇ ಪಕ್ಕದಲ್ಲಿ ಸಂತ ಲಾರೆನ್ಸರ ಚರ್ಚಿದೆ, ಗೋಪುರ 40 ಮೀಟರಿಗೂ ಹೆಚ್ಚು ಎತ್ತರ. ಗೋಪುರಕ್ಕಿಂತ ನನಗೆ ಪ್ರಿಯವಾದದ್ದು ಗಾಯಕವೃಂದದ ಜಾಗದಲ್ಲಿರುವ 28 ಮರದ ಪೀಠಗಳು. ದೀರ್ಘ ಪ್ರಾರ್ಥನೆಯಲ್ಲಿ ನಿಂತಿರಲೇಬೇಕಾದ ಪಾದ್ರಿಗಳು, ಮೇಲಕ್ಕೆ ಮಡಚಿದ ಮಣೆಯ ಅಂಚಿಗೆ ಮೆಲ್ಲಗೆ ಒರಗಿಕೊಳ್ಳಲೆಂದು ಮಾಡಿದವು ಇವು. ಆ ಅಂಚಿನ ಕೆಳಗೆ ಬಡಗಿಗಳು ಓಕ್ ಮರದಲ್ಲಿ ಕೆತ್ತನೆ ಮಾಡಿದ್ದಾರೆ. ಬಾಗಿ ನೋಡಿ: ಒಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಮದ್ಯದಂಗಡಿಯ ಹೆಂಗಸನ್ನು ದೆವ್ವವೊಂದು ಹೆಗಲ ಮೇಲೆ ಹೊತ್ತು ನರಕಕ್ಕೆ ಸಾಗಿಸುತ್ತಿದೆ, ಅವಳ ಕೈಯಲ್ಲಿ ಆ ಅಳತೆಯ ಪಾತ್ರೆ ಇನ್ನೂ ಇದೆ. ಸಂತೆಯನ್ನೇ ನಂಬಿ ಬದುಕಿದ ಊರಿಗೆ ಅಳತೆ ತೂಕದ ಮೋಸ ಎಷ್ಟು ದೊಡ್ಡ ಪಾಪವಾಗಿತ್ತು ಎಂಬುದು ಅಂಗೈಯಗಲದ ಆ ಮರದಿಂದ ನನಗೆ ಮನದಟ್ಟಾಯಿತು.

ಕೋಟೆಗೆ ಒಂದೂವರೆ ಗಂಟೆಯಾದರೂ ಬೇಕು. ಒಳ ಅಂಗಳದಲ್ಲಿರುವ ಹನ್ನೆರಡನೆಯ ಶತಮಾನದ ದುಂಡನೆಯ ಪ್ರಾರ್ಥನಾ ಮಂದಿರವನ್ನು ತಪ್ಪಿಸಬೇಡಿ. ಎಂಟನೆಯ ಹೆನ್ರಿಯ ಅಣ್ಣ, ಯುವರಾಜ ಆರ್ಥರ್ 1502ರಲ್ಲಿ ತೀರಿಕೊಂಡದ್ದು ಇದೇ ಕೋಟೆಯಲ್ಲಿ. ವೇಲ್ಸ್ ಮತ್ತು ಗಡಿನಾಡಿನ ಆಡಳಿತ ನಡೆಸುತ್ತಿದ್ದ ಮಂಡಳಿ 1689ರಲ್ಲಿ ರದ್ದಾದ ಮೇಲೆ ಕೋಟೆ ಪಾಳುಬಿತ್ತು. ಕನ್ನಡಿಗರಿಗೆ ಇಲ್ಲೊಂದು ನಂಟು ಸಿಗುತ್ತದೆ. 1811ರಲ್ಲಿ ಈ ಕೋಟೆಯನ್ನು ಕೊಂಡ ಪೋವಿಸ್ ಪ್ರಭು ಬೇರೆ ಯಾರೂ ಅಲ್ಲ, ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆತ ಮದ್ರಾಸಿನ ಗವರ್ನರ್ ಆಗಿದ್ದ. ಆತನ ಪತ್ನಿ ಹೆನ್ರಿಯೆಟ್ಟಾ ಮರುವರ್ಷವೇ ಹೆಣ್ಣುಮಕ್ಕಳೊಡನೆ ನಮ್ಮ ನಾಡನ್ನು ಸುತ್ತಿದ್ದಳು. ಟಿಪ್ಪುವಿನ ಡೇರೆ ಇಂದಿಗೂ ಇರುವುದು ಆ ಮನೆತನದ ಇನ್ನೊಂದು ಕೋಟೆಯಲ್ಲಿ, ಗಡಿಯಾಚೆಯ ವೇಲ್ಸಿನಲ್ಲಿ. ಇದನ್ನು ತಿಳಿದ ಮೇಲೆ ಲಡ್ಲೋದ ಗೋಡೆಗಳ ನಡುವೆ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಸಂಜೆ ಕೋಟೆಯ ಕೆಳಗಿಳಿದು ಡಿನ್ಹಮ್ ಸೇತುವೆಯಲ್ಲಿ ಟೀಮ್ ನದಿ ದಾಟಿ, ಎದುರಿನ ವಿಟ್‌ಕ್ಲಿಫ್ ಗುಡ್ಡ ಹತ್ತಿ. ಕೋಟೆ, ಚರ್ಚಿನ ಗೋಪುರ, ಹಿಂದೆ 533 ಮೀಟರ್ ಎತ್ತರದ ಟಿಟರ್‌ಸ್ಟೋನ್ ಕ್ಲೀ ಬೆಟ್ಟ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಇಡೀ ಪ್ರವಾಸದಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಆರಿಸುವುದು ಈ ಒಂದು ಗಂಟೆಯನ್ನು. ನದಿಯಂಚಿನ ಬ್ರೆಡ್‌ವಾಕ್ ಎಂಬ ಕಾಲುದಾರಿ ಹಿಡಿದು ಲಡ್‌ಫರ್ಡ್ ಸೇತುವೆಗೆ ಬನ್ನಿ. ಅದನ್ನು ಮಾಡಿದ ಕೂಲಿಗಳಿಗೆ ಸಂಬಳವಾಗಿ ಬ್ರೆಡ್ಡು ಕೊಟ್ಟಿದ್ದರಿಂದ ಆ ಹೆಸರು ಎಂದು ಊರವರು ಹೇಳುತ್ತಾರೆ. ಸೇತುವೆಯ ಬಳಿಯ ಬಂಡೆ ಭೂವಿಜ್ಞಾನಿಗಳಿಗೆ ಯಾತ್ರಾಸ್ಥಳವೇ ಸರಿ: ಭೂಮಿಯ ಇತಿಹಾಸದಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಸೈಲೂರಿಯನ್ ಎಂಬ ಕಾಲಘಟ್ಟದ ಒಂದು ಭಾಗಕ್ಕೆ ಲಡ್ಲೋ ಎಂಬ ಹೆಸರೇ ಇದೆ. ಅಲ್ಲಿಂದ ಉಣ್ಣೆ ಮತ್ತು ಬಟ್ಟೆಯ ವ್ಯಾಪಾರದಿಂದ ಸಿರಿ ಕಂಡ ಬ್ರಾಡ್ ಸ್ಟ್ರೀಟನ್ನು, ಊರ ಹಳೆಯ ಹೆಬ್ಬಾಗಿಲುಗಳಲ್ಲಿ ಉಳಿದಿರುವ ಒಂದೇ ಒಂದರ ಕೆಳಗೆ ಹಾದು ಮೇಲೇರಬೇಕು. ಆ ಬಾಗಿಲ ಮೇಲೆ ಮನೆ ಕಟ್ಟಿದ್ದಾರೆ.

ಮರುದಿನ ಬೆಳಿಗ್ಗೆ ಉತ್ತರಕ್ಕೆ ಹೋಗುವ ರೈಲಿನಲ್ಲಿ ಕ್ರೇವನ್ ಆರ್ಮ್ಸ್‌ಗೆ ಹೋಗಿ, ಅಲ್ಲಿಂದ ನಡೆದು ಸ್ಟೋಕ್‌ಸೇ ಎಂಬ ಹಳೆಯ ಕೋಟೆಮನೆಯನ್ನು ತಲುಪಿ. 1291ರಲ್ಲಿ ರಾಜನಿಂದ ಕೋಟೆಗೋಡೆಗೆ ಅಪ್ಪಣೆ ಪಡೆದು ಇದನ್ನು ಭದ್ರಪಡಿಸಿಕೊಂಡವನು ದೊರೆಯಲ್ಲ, ಲಡ್ಲೋದ ಲಾರೆನ್ಸ್ ಎಂಬ ಉಣ್ಣೆ ವ್ಯಾಪಾರಿ. ಹಜಾರದ ಮರದ ಮಾಡಿನ ಕೆಳಗೆ ನಿಂತಾಗ ಊರಿನ ಸಂತೆಗೂ ಸುತ್ತಲಿನ ಕುರಿ ಮೇಯುವ ಗುಡ್ಡಗಳಿಗೂ ಇರುವ ನಂಟು ಕಣ್ಣೆದುರಿಗೇ ಕಾಣುತ್ತದೆ.

ಆ ಗುಡ್ಡಗಳಲ್ಲಿ ಸ್ವಲ್ಪವಾದರೂ ನಡೆಯಿರಿ. ಹಳದಿ ಬಾಣದ ಗುರುತಿರುವ ದಾರಿ ಖಾಸಗಿ ಹೊಲದ ನಡುವೆ ಹಾದರೂ ಅದರಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ, ಸಂಕೋಚ ಬೇಡ. ಮಳೆ ಬಂದ ಮರುದಿನ ಹುಲ್ಲು ಜಾರುತ್ತದೆ, ಹಿಡಿತವಿರುವ ಶೂ ಹಾಕಿಕೊಳ್ಳಿ. ದಾರಿಯಲ್ಲಿ ಸಿಗುವ ಗೇಟುಗಳನ್ನು ನೀವು ಬಂದಾಗ ಹೇಗಿದ್ದವೋ ಹಾಗೆಯೇ ಬಿಟ್ಟು ಮುಂದೆ ಹೋಗಿ, ಏಕೆಂದರೆ ಆಚೀಚೆ ಮೇಯುತ್ತಿರುವ ಕುರಿಮರಿಗಳು ಯಾವ ಹೊಲದಲ್ಲಿರಬೇಕೆಂಬುದನ್ನು ರೈತನು ಆ ಗೇಟಿನಿಂದಲೇ ನಿರ್ಧರಿಸಿರುತ್ತಾನೆ.