ಬರಹಗಾರರಿಗೆ ಸಲಹೆ: ಸೂರ್ಯನೂ ಬೇಡ, ಮಿಣುಕುಹುಳವೂ ಬೇಡ

ಆತ್ಮೀಯರೇ,

ನೀವು ಕಳಿಸಿದ ‘ಮುಳುಗಿದ ಸೂರ್ಯ’ ತಲುಪಿದೆ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆಡುವಾಗ ಅಮೆರಿಕದ ಅತ್ಯುತ್ತಮ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ ಎನಿಸಿಕೊಂಡು, ಆಮೇಲೆ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 13 ಸೀಸನ್ ರೋಲ್ ಪ್ಲೇಯರ್ (ತಾರೆಯಲ್ಲದೆ, ತಂಡದಲ್ಲಿ ಗೊತ್ತಾದ ಕೆಲವು ಕೆಲಸ ಮಾಡುವ ಆಟಗಾರ) ಆಗಿ ಆಡಿದ ಷೇನ್ ಬ್ಯಾಟಿಯೆ ಬಗ್ಗೆ 2,600 ಪದ ಬರೆದಿದ್ದೀರಿ. ವಿಷಯ ಚೆನ್ನಾಗಿದೆ. ನೀವು ಆಟ ನೋಡಿದವರು ಅನ್ನುವುದೂ ಅಲ್ಲಲ್ಲಿ ಗೊತ್ತಾಗುತ್ತದೆ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲಾಗದು. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಹೆಸರು. ನೀವು ಉದ್ದಕ್ಕೂ ‘ಬ್ಯಾಟಿಯರ್’ ಎಂದು ಬರೆದಿದ್ದೀರಿ. ಇಂಗ್ಲಿಷ್ ಕಾಗುಣಿತದ ಕೊನೆಯಲ್ಲಿ ‘ರ್’ ಇದ್ದರೂ ಉಚ್ಚಾರದಲ್ಲಿ ಅದಿಲ್ಲ, ‘ಬ್ಯಾಟಿಯೇ’ ಅನ್ನುತ್ತಾರೆ. ಹಾಗೇ ದೀರ್ಘ ಹಾಕಿದರೆ ನಮ್ಮ ಓದುಗರಿಗೆ ಅದು ‘ಅವನೇ, ಇವನೇ’ ಥರದ ಒತ್ತು ಅನ್ನಿಸಿಬಿಡುತ್ತದೆ. ಹಾಗಾಗಿ ಹ್ರಸ್ವ ಇಟ್ಟು ‘ಬ್ಯಾಟಿಯೆ’ ಎಂದು ಬರೆಯಿರಿ, ವಿಭಕ್ತಿ ಸೇರಿಸುವುದೂ ಸಲೀಸು.

ಈಗ ನಿಜವಾದ ತಕರಾರು. ನಿಮ್ಮ ಮೊದಲ ವಾಕ್ಯ: ‘ಡ್ಯೂಕ್‌ನ ಸೂರ್ಯ ಎನ್‌ಬಿಎಯ ಆಕಾಶದಲ್ಲಿ ಮಿಣುಕುಹುಳವಾದ.’ ಅಲಂಕಾರ ಅತಿಯಾಯಿತು ಅನ್ನುವುದು ಒಂದು ಕಡೆಗಿರಲಿ, ಮಾತೇ ತಪ್ಪು. ಡ್ಯೂಕ್‌ನಲ್ಲಿ ಆತನ ನಾಲ್ಕು ವರ್ಷದ ಸರಾಸರಿ ಅಂಕಗಳನ್ನು ಸಾಲಾಗಿ ಬರೆದುಕೊಳ್ಳಿ: 7.6, 9.1, 17.4, 19.9. ನೀವು ಕೊನೆಯದನ್ನು ಮಾತ್ರ ಹಿಡಿದುಕೊಂಡಿದ್ದೀರಿ. ಎರಡನೇ ವರ್ಷಕ್ಕೂ ಮೂರನೇ ವರ್ಷಕ್ಕೂ ನಡುವೆ ಏನಾಯಿತು? 1999ರ ಕಾಲೇಜು ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಡ್ಯೂಕ್ 77-74ರಿಂದ ಕನೆಕ್ಟಿಕಟ್‌ಗೆ ಸೋತಿತು. ಅದೇ ಬೇಸಿಗೆಯಲ್ಲಿ ಎಲ್ಟನ್ ಬ್ರ್ಯಾಂಡ್, ಟ್ರೇಜನ್ ಲ್ಯಾಂಗ್ಡನ್, ಕೋರಿ ಮ್ಯಾಗೆಟಿ, ವಿಲಿಯಂ ಏವರಿ ನಾಲ್ವರೂ ಡ್ರಾಫ್ಟ್‌ನ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವ ಏರ್ಪಾಡು) ಮೊದಲ ಸುತ್ತಿನಲ್ಲೇ ಎನ್‌ಬಿಎಗೆ ಹೋದರು. ಅಂಕ ಗಳಿಸುವವರೆಲ್ಲ ಹೊರಟ ಮೇಲೆ ಆ ಹೊರೆ ಉಳಿದುಕೊಂಡವನ ತಲೆಗೆ ಬಂತು. ಅಂದರೆ ಬ್ಯಾಟಿಯೆ ಕಾಲೇಜಿನಲ್ಲೇ ಎರಡು ವರ್ಷ ರೋಲ್ ಪ್ಲೇಯರ್ ಆಗಿದ್ದ, ಆಮೇಲೆ ಎರಡು ವರ್ಷ ತಾರೆಯಾಗಿದ್ದ, ಮತ್ತೆ 13 ವರ್ಷ ತನ್ನ ಹಳೆಯ ಕೆಲಸಕ್ಕೇ ಮರಳಿದ. ಒಟ್ಟು 17 ಸೀಸನ್‌ಗಳಲ್ಲಿ ತಾರೆಯಾಗಿದ್ದದ್ದು ಎರಡೇ. ಕಾಲೇಜು ಕೋಚ್‌ಗಳ ಸಂಘ 1999, 2000, 2001 ಮೂರೂ ವರ್ಷ ಆತನಿಗೆ ಅತ್ಯುತ್ತಮ ಡಿಫೆನ್ಸ್ ಆಟಗಾರ ಪ್ರಶಸ್ತಿ ಕೊಟ್ಟಿತ್ತು. ಪಟ್ಟಿಯ ಮೊದಲ ವರ್ಷ ಆತನ ಸರಾಸರಿ 9.1! ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಇದನ್ನು ಹಾಕಿದರೆ ನಿಮ್ಮ ‘ಮುಳುಗಿದ’ ಬಿದ್ದುಹೋಗುತ್ತದೆ. ಬೀಳಲಿ ಬಿಡಿ.

2001ರ ಚಾಂಪಿಯನ್‌ಷಿಪ್‌ಗೆ ಆರು ಪ್ಯಾರಾ ಕೊಟ್ಟಿದ್ದೀರಿ. ಸೆಮಿಫೈನಲ್‌ನಲ್ಲಿ ಮೇರಿಲ್ಯಾಂಡ್ ಎದುರು 22 ಅಂಕ ಹಿಂದೆ ಬಿದ್ದು 95-84ರಿಂದ ಗೆದ್ದದ್ದು, ಫೈನಲ್‌ನಲ್ಲಿ ಅರಿಜೋನಾವನ್ನು 82-72ರಿಂದ ಸೋಲಿಸಿದ್ದು, ಇಷ್ಟಕ್ಕೆ ಎರಡು ವಾಕ್ಯ ಧಾರಾಳ. ‘ಮೈನವಿರೇಳಿಸುವ’ ಅನ್ನುವ ಪದ ಅಲ್ಲಿ ನಾಲ್ಕು ಸಲ ಬಂದಿದೆ. ನಾಲ್ಕನ್ನೂ ತೆಗೆದಿದ್ದೇನೆ.

ಉಳಿದ ಜಾಗವನ್ನು ನೀವು ಮುಟ್ಟದೇ ಬಿಟ್ಟ ಪ್ರಶ್ನೆಗೆ ಕೊಡಿ: ಕಾಲೇಜಿನ ರಾಜ ಎನ್‌ಬಿಎಯಲ್ಲಿ ಯಾಕೆ ರಾಜನಾಗುವುದಿಲ್ಲ? ‘ಪೈಪೋಟಿ ಹೆಚ್ಚು’ ಎಂದು ಮುಗಿಸಿದ್ದೀರಿ, ಸಾಲದು. ಆಗ ಕಾಲೇಜು ಪಂದ್ಯ 40 ನಿಮಿಷ, ಎನ್‌ಬಿಎ 48. ಕಾಲೇಜಿನಲ್ಲಿ ಒಂದು ದಾಳಿಗೆ 35 ಸೆಕೆಂಡ್, ಎನ್‌ಬಿಎಯಲ್ಲಿ 24. ಡ್ಯೂಕ್ ಆ ಸೀಸನ್‌ನಲ್ಲಿ ಫೈನಲ್ ಸೇರಿ ಆಡಿದ್ದು 39 ಪಂದ್ಯ, ಎನ್‌ಬಿಎಯ ಲೀಗ್ ಹಂತವೇ 82. ಕಾಲೇಜಿನ ಮೂರಂಕದ ಗೆರೆ (ಇದರ ಹೊರಗಿನಿಂದ ಹಾಕಿದರೆ ಎರಡರ ಬದಲು ಮೂರು ಅಂಕ) ಆಗ ರಿಂಗಿನಿಂದ 19 ಅಡಿ 9 ಇಂಚು ದೂರದಲ್ಲಿತ್ತು. ಎನ್‌ಬಿಎಯಲ್ಲಿ ನಡುವೆ 23 ಅಡಿ 9 ಇಂಚು, ಅಂದರೆ ಸರಿಯಾಗಿ ನಾಲ್ಕು ಅಡಿ ಹಿಂದೆ. ನಾಲ್ಕು ಅಡಿ ಹಿಂದೆ ಸರಿದರೆ ಕೈ ಬಲ ಸಾಲದು, ಮೊಣಕಾಲಿನಿಂದ ಜಾಸ್ತಿ ಎತ್ತಬೇಕು. ಎತ್ತಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಎದುರಾಳಿ ಮುಟ್ಟಿರುತ್ತಾನೆ. 6 ಅಡಿ 8 ಇಂಚಿನ ಆಟಗಾರ ಕಾಲೇಜಿನಲ್ಲಿ ರಿಂಗ್ ಹತ್ತಿರ ನಿಂತು ಆಡಬಹುದು. ಎನ್‌ಬಿಎಯಲ್ಲಿ ಅದೇ ಎತ್ತರದವರು ಹೊರಗಿನಿಂದ ಡ್ರಿಬಲ್ ಮಾಡಿಕೊಂಡು ಅವನನ್ನು ದಾಟಿ ಓಡುತ್ತಾರೆ. ಚೆಂಡನ್ನು ತಾನೇ ಹಿಡಿದು ಎದುರಾಳಿಯನ್ನು ದಾಟುವ ಮೊದಲ ಹೆಜ್ಜೆಯ ವೇಗ ಬ್ಯಾಟಿಯೆಗೆ ಇರಲಿಲ್ಲ. 2001ರ ಡ್ರಾಫ್ಟ್‌ನಲ್ಲಿ ಹೈಸ್ಕೂಲಿನಿಂದ ನೇರ ಬಂದ ಕ್ವಾಮೆ ಬ್ರೌನ್ ಮೊದಲನೆಯವನಾದ, ನಾಲ್ಕು ವರ್ಷ ಕಾಲೇಜು ಮುಗಿಸಿದ ಬ್ಯಾಟಿಯೆ ಆರನೆಯವನಾದ. ತಂಡಗಳು ಕೊಂಡದ್ದು ಮುಂದೆ ಎಷ್ಟು ಬೆಳೆಯಬಹುದು ಅನ್ನುವುದನ್ನು. (ಬ್ರೌನ್ ಹಾಗೆ ಬೆಳೆಯಲಿಲ್ಲ ಅನ್ನುವುದು ಬೇರೆ ಮಾತು.)

ಇನ್ನು ನಿಮ್ಮ ಪುಟ 5ರ ವಾಕ್ಯ: ‘ಮೂಲೆಯಲ್ಲಿ ನಿಂತು ಚೆಂಡಿಗಾಗಿ ಕಾಯುವುದಷ್ಟೇ ಅವನ ಪಾಲಿಗೆ ಉಳಿಯಿತು.’ ಕಾಯುವುದಷ್ಟೇ? ಇಲ್ಲೇ ನಿಮ್ಮ ಲೇಖನದ ಜೀವ ಇರಬೇಕಿತ್ತು. ಮೂಲೆಯಲ್ಲಿ ಎನ್‌ಬಿಎ ಗೆರೆ 22 ಅಡಿಗೆ ಇಳಿಯುತ್ತದೆ. ಕೋರ್ಟಿನ ಅಗಲ 50 ಅಡಿ, ರಿಂಗ್ ನಟ್ಟನಡುವೆ 25ಕ್ಕೆ. ಹಾಗಾಗಿ ಮೂರಂಕದ ಗೆರೆಗೂ ಪಕ್ಕದ ಗೆರೆಗೂ ನಡುವೆ ಉಳಿಯುವುದು ಮೂರೇ ಅಡಿಯ ಪಟ್ಟಿ. ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ಅಳತೆಯ ನಮ್ಮ ಕೋರ್ಟಿನಲ್ಲೂ ಈ ಪಟ್ಟಿ 90 ಸೆಂಟಿಮೀಟರ್. ನಿಮ್ಮ ಊರಿನ ಕೋರ್ಟಿಗೆ ಹೋಗಿ ಒಮ್ಮೆ ನಿಂತು ನೋಡಿ. ಎತ್ತರದ ಆಟಗಾರನ ಷೂ ಒಂದು ಅಡಿಗಿಂತ ಉದ್ದ. ಬೆರಳ ತುದಿ ಮುಂದಿನ ಗೆರೆ ತಾಗಿದರೆ ಮೂರಂಕ ಎರಡಾಗುತ್ತದೆ, ಹಿಮ್ಮಡಿ ಹಿಂದಿನ ಗೆರೆ ತಾಗಿದರೆ ಚೆಂಡು ಎದುರಾಳಿಗೆ. ಕೆಳಗೆ ನೋಡಿ ಕಾಲಿಡುವಷ್ಟು ಪುರುಸೊತ್ತು ಇರುವುದಿಲ್ಲ. ಪಾಸ್ ಹೊರಡುವ ಮೊದಲೇ ಎರಡೂ ಪಾದ ಜಾಗದಲ್ಲಿರಬೇಕು, ಮೊಣಕಾಲು ಮಡಿಸಿರಬೇಕು, ಅಂಗೈ ಎದೆಯ ಮುಂದೆ ತೆರೆದಿರಬೇಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟವನು ಚೆಂಡು ಬಂದ ಮೇಲೆ ಕುಗ್ಗಿ ಏಳಬೇಕಾಗುತ್ತದೆ. ಅವನ ಷಾಟ್ ಅಲ್ಲೇ ಸತ್ತಿತು. ಚೆಂಡು ಚೆನ್ನಾಗಿ ಕಾಣಲಿ ಎಂದು ಅರ್ಧ ಹೆಜ್ಜೆ ಒಳಗೆ ಸರಿಯುವುದು ಇನ್ನೊಂದು ಮಾಮೂಲಿ ತಪ್ಪು.

ಚೆಂಡು ಬಾರದಿದ್ದರೂ ಅಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಬ್ಯಾಟಿಯೆ ಕೊನೆಗೆ ಆಡಿದ ಮಯಾಮಿ ತಂಡದಲ್ಲಿ ತಾರೆ ಲೆಬ್ರಾನ್ ಜೇಮ್ಸ್ ಒಳನುಗ್ಗುವಾಗ ಬ್ಯಾಟಿಯೆಗೆ ಕಾವಲಿದ್ದ ಎದುರಾಳಿಗೆ ಎರಡೇ ದಾರಿ. ಬಿಟ್ಟು ಒಳಗೆ ಓಡಿದರೆ ಮೂಲೆ ಖಾಲಿ, ಬಿಡದಿದ್ದರೆ ಲೆಬ್ರಾನ್‌ಗೆ ಒಬ್ಬನೇ ಎದುರಾಳಿ. ವೃತ್ತಿಜೀವನದ ಉದ್ದಕ್ಕೂ ಬ್ಯಾಟಿಯೆಯ ಮೂರಂಕದ ಯಶಸ್ಸು ನೂರಕ್ಕೆ 38. ಮೂರರಿಂದ ಗುಣಿಸಿ: ಪ್ರತಿ ಎಸೆತಕ್ಕೆ 1.14 ಅಂಕ. ಗೆರೆಯ ಒಂದು ಹೆಜ್ಜೆ ಒಳಗಿನಿಂದ ನೂರಕ್ಕೆ 40 ಹಾಕುವವನದು 0.80. ಈ ಲೆಕ್ಕ ಇಲ್ಲದೆ ರೋಲ್ ಪ್ಲೇಯರ್ ಬಗ್ಗೆ ಬರೆಯುವುದು ಉಪ್ಪಿಲ್ಲದ ಸಾರು.

ಡಿಫೆನ್ಸ್‌ಗೆ ನೀವು ಕೊಟ್ಟದ್ದು ‘ಕೋಬಿ ಬ್ರಯಂಟ್‌ನನ್ನೂ ಕಾಡಿದ’ ಅನ್ನುವ ಒಂದು ಸಾಲು. 2008ರ ಮಾರ್ಚ್‌ನಲ್ಲಿ ಬ್ಯಾಟಿಯೆ ಆಡುತ್ತಿದ್ದ ಹ್ಯೂಸ್ಟನ್ ರಾಕೆಟ್ಸ್ ತಂಡ ಕೋಬಿಯ ಲೇಕರ್ಸ್ ಎದುರು ಸತತ 22ನೇ ಗೆಲುವು ಪಡೆದ ಪಂದ್ಯವನ್ನು ತೆಗೆದುಕೊಳ್ಳಿ. ಆ ಸರಣಿಯ 12ನೇ ಗೆಲುವಿನ ನಂತರ ಹ್ಯೂಸ್ಟನ್‌ನ ತಾರೆ ಯಾವ್ ಮಿಂಗ್ ಪಾದದ ಮೂಳೆ ಬಿರುಕಿನಿಂದ ಹೊರಬಿದ್ದಿದ್ದ, ಕೊನೆಯ ಹತ್ತು ಗೆಲುವು ಅವನಿಲ್ಲದೆ ಬಂದದ್ದು. ಆ ದಿನ ಕೋಬಿ 24 ಅಂಕ ಗಳಿಸಿದ. ಇಷ್ಟೇ ಓದಿದರೆ ‘ಚೆನ್ನಾಗಿ ಆಡಿದ’ ಅನ್ನುತ್ತೀರಿ. ಆ 24ಕ್ಕೆ ಅವನು ಎಸೆದದ್ದು 33 ಸಲ, ಬಿದ್ದದ್ದು 11. ಅವನನ್ನು ಕಾಯುವ ಮುಖ್ಯ ಹೊಣೆ ಬ್ಯಾಟಿಯೆಯದು.

ಹೇಗೆ ಅನ್ನುವುದನ್ನೂ ಬರೆಯಿರಿ. ಬ್ಯಾಟಿಯೆ ಚೆಂಡನ್ನು ತಡೆಯಲು ಜಿಗಿಯುತ್ತಿರಲಿಲ್ಲ, ಅಂಗೈಯನ್ನು ಎಸೆಯುವವನ ಕಣ್ಣಿನ ಮುಂದೆ ಹಿಡಿಯುತ್ತಿದ್ದ. ಜಿಗಿದರೆ ಎರಡು ಅಪಾಯ: ಕೈ ತಾಗಿ ಫೌಲ್ ಆಗುತ್ತದೆ, ಇಲ್ಲವೇ ಎಸೆಯುವ ನಟನೆಗೆ ಮೋಸಹೋಗಿ ಗಾಳಿಯಲ್ಲಿರುವಾಗ ಎದುರಾಳಿ ಪಕ್ಕದಿಂದ ನುಗ್ಗುತ್ತಾನೆ. ಕೋಬಿಯಂಥವನಿಗೆ ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ಕೊಡುವುದೆಂದರೆ ದುಡ್ಡು ಎಣಿಸಿ ಕೊಟ್ಟ ಹಾಗೆ. ರಿಂಗ್ ಹತ್ತಿರ ಬಿಡಬಾರದು, ಫೌಲ್ ಮಾಡಬಾರದು, ಮಧ್ಯದೂರದಿಂದ ಕೈ ಅಡ್ಡ ಇರುವಾಗ ಎರಡಂಕಕ್ಕೆ ಎಸೆಯಲಿ. ಅದು ಬಿದ್ದರೂ ಲೆಕ್ಕ ತನ್ನ ಕಡೆಗೇ. ಯಾರು ಎಲ್ಲಿಂದ ಎಷ್ಟು ಹಾಕುತ್ತಾರೆ ಅನ್ನುವ ಅಂಕಿಗಳನ್ನು ಹ್ಯೂಸ್ಟನ್ ತಂಡ ಪಂದ್ಯಕ್ಕೆ ಮೊದಲೇ ಕೊಡುತ್ತಿತ್ತು, ಬ್ಯಾಟಿಯೆ ಕೂತು ಓದುತ್ತಿದ್ದ.

ಚಾರ್ಜ್ ತೆಗೆದುಕೊಳ್ಳುವುದನ್ನು, ಅಂದರೆ ನುಗ್ಗುವವನ ಡಿಕ್ಕಿಗೆ ಮೈಯೊಡ್ಡಿ ಫೌಲ್ ಅವನ ಮೇಲೆ ಬರುವಂತೆ ಮಾಡುವುದನ್ನು, ‘ಬಿದ್ದು ನಟಿಸುವುದು’ ಎಂದಿದ್ದೀರಿ. ನುಗ್ಗುವವನು ನೆಲ ಬಿಡುವ ಮೊದಲೇ ಅವನ ದಾರಿಯಲ್ಲಿ ನಿಂತಿರಬೇಕು, ಡಿಕ್ಕಿ ಎದೆಗೆ ಆಗಬೇಕು, ರಿಂಗ್ ಕೆಳಗಿನ ನಾಲ್ಕು ಅಡಿ ತ್ರಿಜ್ಯದ ಕಮಾನಿನ ಹೊರಗೆ ಕಾಲಿರಬೇಕು. ಒಂದು ಕ್ಷಣ ತಡವಾದರೆ ಫೌಲ್ ನಿಂತವನ ಮೇಲೇ. ನೂರು ಕಿಲೋ ತೂಕದವನು ಓಡಿಬಂದು ಎದೆಗೆ ಗುದ್ದುವುದನ್ನು ನಟನೆ ಅನ್ನುವುದು ಕಷ್ಟ.

ಪ್ಲಸ್-ಮೈನಸ್ ಪ್ಯಾರಾ ಪೂರ್ತಿ ಬದಲಿಸಿ. ಆಟಗಾರ ಕೋರ್ಟಿನಲ್ಲಿದ್ದ ಎಂಟು ನಿಮಿಷದಲ್ಲಿ ತಂಡ 20, ಎದುರಾಳಿ 14 ಗಳಿಸಿದರೆ ಅವನ ಲೆಕ್ಕ +6, ಇದನ್ನು ಸರಿಯಾಗಿ ಹೇಳಿದ್ದೀರಿ. ಆದರೆ ಜೊತೆಯಲ್ಲಿ ಯಾವ್ ಮಿಂಗ್ ಇದ್ದರೆ ಆ ಆರರಲ್ಲಿ ಯಾರ ಪಾಲು ಎಷ್ಟು? ಒಂದೇ ಪಂದ್ಯದ ಅಂಕಿಯಿಂದ ಏನೂ ಸಾಬೀತಾಗದು. ಜೊತೆಗಾರರನ್ನೂ ಎದುರಾಳಿಗಳನ್ನೂ ಸರಿದೂಗಿಸಿ ನೂರಾರು ಪಂದ್ಯ ನೋಡಿದ ಮೇಲೆ ಮಾತಾಡಬಹುದು.

ರಾಹುಲ್ ದ್ರಾವಿಡ್ ಹೋಲಿಕೆ ಬೇಡ. ಕರ್ನಾಟಕದ ಓದುಗರಿಗೆ ಹತ್ತಿರವಾಗಲಿ ಎಂದು ಹಾಕಿದ್ದೀರಿ, ಅರ್ಥವಾಯಿತು. ಟೆಸ್ಟ್‌ನಲ್ಲಿ 13,288 ರನ್ ಗಳಿಸಿದವರು ಮನೆಯ ನಡುಗಂಬ, ರೋಲ್ ಪ್ಲೇಯರ್ ಅಲ್ಲ. ಹೋಲಿಕೆ ಬೇಕೇ ಬೇಕೆಂದರೆ ಏಕನಾಥ ಸೋಲ್ಕರ್ ಇದ್ದಾರೆ: 27 ಟೆಸ್ಟ್, 53 ಕ್ಯಾಚ್, ಹೆಲ್ಮೆಟ್ ಇಲ್ಲದ ಕಾಲದಲ್ಲಿ ಬ್ಯಾಟಿನ ಮೂತಿಯ ಹತ್ತಿರ ಷಾರ್ಟ್ ಲೆಗ್‌ನಲ್ಲಿ. 1971ರ ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದದ್ದು ಎಲ್ಲರಿಗೂ ನೆನಪಿದೆ. ಅದೇ ಇನಿಂಗ್ಸ್‌ನಲ್ಲಿ ವೆಂಕಟರಾಘವನ್ ಬೌಲಿಂಗ್‌ನಲ್ಲಿ ಸೋಲ್ಕರ್ ಮುಂದಕ್ಕೆ ಚಾಚಿ ಬಿದ್ದು ಇಂಗ್ಲೆಂಡಿನ ಅಲನ್ ನಾಟ್ ಕೊಟ್ಟ ಕ್ಯಾಚ್ ಹಿಡಿದರು. ಎರಡೇ ಸಾಲಿನಲ್ಲಿ ಮುಗಿಸಿ.

ಕೊನೆಯ ಭಾಗದಲ್ಲಿ ನೀವು ಸೋಲನ್ನು ಮುಚ್ಚಿಟ್ಟಿದ್ದೀರಿ. ಮಯಾಮಿಯಲ್ಲಿ ಬ್ಯಾಟಿಯೆಯ ಮೊದಲ ಸೀಸನ್ನಿನ ಸರಾಸರಿ 4.8, ಆದರೂ 2012ರ ಫೈನಲ್‌ನಲ್ಲಿ ಮೂರಂಕಗಳು ಮೇಲಿಂದ ಮೇಲೆ ಬಿದ್ದವು. 2013ರಲ್ಲಿ ಪ್ಲೇಆಫ್ (ಲೀಗ್ ಹಂತದ ನಂತರದ ಸರಣಿಗಳು) ಉದ್ದಕ್ಕೂ ಷಾಟ್ ಕೈಕೊಟ್ಟಿತು. ರಿಂಗ್ ಹತ್ತಿರ ಆಡುವ, ತನಗಿಂತ ದಪ್ಪನೆಯ ಪವರ್ ಫಾರ್ವರ್ಡ್‌ಗಳನ್ನು ತಳ್ಳಿ ತಳ್ಳಿ ಕಾಲು ಸೋತ ಮೇಲೆ ದೂರದ ಎಸೆತ ರಿಂಗಿನ ಮುಂಭಾಗಕ್ಕೇ ಬಡಿಯುತ್ತದೆ. ಫೈನಲ್‌ಗೆ ಮುಂಚಿನ ಇಂಡಿಯಾನಾ ಎದುರಿನ ಸರಣಿಯ ಏಳನೇ ಪಂದ್ಯದಲ್ಲಿ ಕೋಚ್ ಎರಿಕ್ ಸ್ಪೋಲ್‌ಸ್ಟ್ರಾ ಆತನನ್ನು ಒಂದು ನಿಮಿಷವೂ ಇಳಿಸಲಿಲ್ಲ. ಇದನ್ನು ಬರೆಯದೆ ಫೈನಲ್‌ನ ಏಳನೇ ಪಂದ್ಯಕ್ಕೆ ಹಾರಿದರೆ ಅದು ಬರೀ ಪವಾಡವಾಗುತ್ತದೆ. ಆ ದಿನ ಬ್ಯಾಟಿಯೆ ಎಂಟು ಮೂರಂಕ ಎಸೆದು ಆರು ಹಾಕಿದ, 18 ಅಂಕ. ಮಯಾಮಿ 95-88ರಿಂದ ಗೆದ್ದಿತು.

ಆದರೆ ನನ್ನ ಆಯ್ಕೆ ಆ ಆರರಲ್ಲಿ ಯಾವುದೂ ಅಲ್ಲ. ಕೊನೆಯ ನಿಮಿಷ, ಮಯಾಮಿ 90, ಸ್ಯಾನ್ ಆಂಟೋನಿಯೊ 88. ರಿಂಗ್ ಹತ್ತಿರ 6 ಅಡಿ 11 ಇಂಚಿನ ಟಿಮ್ ಡಂಕನ್ ಕೈಯಲ್ಲಿ ಚೆಂಡು, ಬೆನ್ನಿಗೆ ಮೂರು ಇಂಚು ಗಿಡ್ಡನೆಯ ಬ್ಯಾಟಿಯೆ. ಡಂಕನ್ ತಿರುಗಿ ಎಸೆದ, ತಪ್ಪಿತು. ಮರಳಿ ಬಂದ ಚೆಂಡನ್ನು ತಟ್ಟಿದ, ಅದೂ ತಪ್ಪಿತು. ಡಂಕನ್ ಬಗ್ಗಿ ಎರಡೂ ಅಂಗೈಯಿಂದ ನೆಲಕ್ಕೆ ಬಡಿದ, ಮುಂದಿನ ದಾಳಿಯಲ್ಲಿ ಲೆಬ್ರಾನ್ ಹಾಕಿ 92 ಮಾಡಿದ. ಡಂಕನ್ ತಪ್ಪಿಸಿದ ಆ ಎಸೆತಕ್ಕಾಗಿ ಸ್ಕೋರ್ ಪಟ್ಟಿಯಲ್ಲಿ ಬ್ಯಾಟಿಯೆ ಹೆಸರಿನ ಮುಂದೆ ಏನೂ ದಾಖಲಾಗಿಲ್ಲ. ನಿಮ್ಮ ಲೇಖನ ಇಲ್ಲಿಂದ ಶುರುವಾಗಬಹುದಿತ್ತು.

ಸಣ್ಣಪುಟ್ಟದ್ದು: ‘ಉಪಗ್ರಹ ಆಟಗಾರ’ ಎಂದು ಹೊಸ ಪದ ಕಟ್ಟಬೇಡಿ, ರೋಲ್ ಪ್ಲೇಯರ್ ಎಂದೇ ಬರೆದು ಮೊದಲ ಸಲ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ. ‘ಬುಟ್ಟಿಚೆಂಡು’ ಅಂತೂ ಯಾವ ಕೋರ್ಟಿನಲ್ಲೂ ಕೇಳಿಲ್ಲ. ನಿವೃತ್ತಿಯ ನಂತರದ ಎರಡು ಪುಟ ತೆಗೆಯಿರಿ. 2017ರಲ್ಲಿ ಮಯಾಮಿ ತಂಡದ ಅಂಕಿಅಂಶ ವಿಭಾಗದ ಹೊಣೆ ಹೊತ್ತದ್ದು ಮಾತ್ರ ಇರಲಿ, ಅದು ವಿಷಯಕ್ಕೆ ಸಂಬಂಧಪಟ್ಟದ್ದು. ಒಟ್ಟು 1,500 ಪದ ದಾಟಬೇಡಿ. ಶೀರ್ಷಿಕೆ ನಾವೇ ಇಡುತ್ತೇವೆ.

ಇಡೀ ಲೇಖನ ಒಟ್ಟಿಗೆ ತಿದ್ದಲು ಕೂರಬೇಡಿ. ಆ ಮೂರಡಿ ಪಟ್ಟಿಯ ಮೇಲೆ ನಿಂತವನ ಬಗ್ಗೆ ಒಂದೇ ಪ್ಯಾರಾ ಬರೆದು ಮೊದಲು ಕಳಿಸಿ. ಅದು ಸರಿ ಬಂದಿದ್ದರೆ ಉಳಿದದ್ದರ ಗಡುವು ಮಾತಾಡೋಣ.

ಇತಿ,
ಸಂಪಾದಕ